ಮಹಾವೀರಾಚಾರ್ಯ (ಗಣಿತಜ್ಞ)

ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದ ಜೈನ ಗಣಿತಜ್ಞರು. ಸಂಸ್ಕೃತದಲ್ಲಿ ಇವರು ರಚಿಸಿದ 'ಗಣಿತಸಾರಸಂಗ್ರಹ'ವು ಜ್ಯೋತಿಷ್ಯದಿಂದ ಬೇರ್ಪಡಿಸಿ ಗಣಿತವನ್ನಷ್ಟೇ ನಿರೂಪಿಸುವ ಆರಂಭಿಕ ಗ್ರಂಥಗಳಲ್ಲೊಂದು. ವಸ್ತುಗಳನ್ನು ಆಯುವ ವಿಧಗಳನ್ನು ಎಣಿಸಲು ಇದರಲ್ಲಿರುವ ನಿಯಮವು ಇಂದಿನ ಸಂಭವನೀಯತೆಯ ಲೆಕ್ಕಗಳಿಗೂ ತಳಹದಿಯಾಗಿದೆ.

ಕಾಲ ಮತ್ತು ಹಿನ್ನೆಲೆ

ಗ್ರಂಥದ ಆರಂಭದಲ್ಲಿರುವ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸ್ತುತಿಯೇ ಇವರ ಕಾಲನಿರ್ಣಯಕ್ಕೆ ಮುಖ್ಯ ಆಧಾರ. ಆ ಅರಸನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡ ನಾಡಿನ ಜೈನ ವಿದ್ವತ್ತಿಗೆ ಅದಕ್ಕೂ ಹಿಂದಿನ ಪರಂಪರೆಯಿತ್ತು. ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವು (ಕ್ರಿ.ಶ. 634) ತನ್ನ ಕಾಲವನ್ನು ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಗಣನೆಗಳಲ್ಲಿ ದಾಖಲಿಸಿದೆ.

ಗಣಿತ ಸಾಧನೆ

ಗ್ರಂಥದಲ್ಲಿ 1,100ಕ್ಕೂ ಹೆಚ್ಚು ಶ್ಲೋಕಗಳಿವೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಇವರು ಸ್ಪಷ್ಟಪಡಿಸಿದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬ ಇವರ ಮಾತು ತಪ್ಪು.

ಮಿಶ್ರಕ ವ್ಯವಹಾರದಲ್ಲಿ ಸಂಯೋಜನೆಯ ನಿಯಮ ಬರುತ್ತದೆ. ಒಂದರಿಂದ ವಸ್ತುಗಳ ಸಂಖ್ಯೆಯವರೆಗಿನ ಅಂಕಿಗಳನ್ನು ಮೇಲಿನ ಸಾಲಿನಲ್ಲಿ ಕ್ರಮವಾಗಿ, ಕೆಳಗಿನ ಸಾಲಿನಲ್ಲಿ ವ್ಯುತ್ಕ್ರಮವಾಗಿ ಬರೆಯಬೇಕು. ಬಲದಿಂದ ಎಡಕ್ಕೆ ಬೇಕಾದಷ್ಟು ಅಂಕಿಗಳನ್ನು ತೆಗೆದುಕೊಂಡು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಆರು ರಸಗಳ ಉದಾಹರಣೆಯಲ್ಲಿ ಎರಡೆರಡನ್ನು ಬೆರೆಸುವ ವಿಧಗಳು 6×5ನ್ನು 1×2ರಿಂದ ಭಾಗಿಸಿದಾಗ 15 ಆಗುತ್ತವೆ.

ಆಧುನಿಕ ಅನ್ವಯ

ಮಹಾವೀರಾಚಾರ್ಯರು ಸಂಭವನೀಯತೆಯನ್ನಾಗಲಿ ಇಸ್ಪೀಟನ್ನಾಗಲಿ ಚರ್ಚಿಸಿಲ್ಲ. ಆದರೂ 1925ರಲ್ಲಿ ರೂಪುಗೊಂಡ ಕಾಂಟ್ರಾಕ್ಟ್ ಬ್ರಿಡ್ಜ್ ಆಟದಲ್ಲಿ ಡಿಕ್ಲೇರರ್ ತನ್ನ ಆಟವನ್ನು ಯೋಜಿಸುವುದು ಇದೇ ಎಣಿಕೆಯಿಂದ. ಡಿಕ್ಲೇರರ್ ಮತ್ತು ಡಮ್ಮಿಯ ಕೈಗಳಲ್ಲಿ ತುರುಪಿನ 8 ಎಲೆಗಳಿದ್ದರೆ ಉಳಿದ 5 ಎಲೆಗಳು ಎದುರಾಳಿಗಳ 26 ಎಲೆಗಳಲ್ಲಿರುತ್ತವೆ. ಆ 26 ಎಲೆಗಳನ್ನು ಇಬ್ಬರಿಗೆ 13ರಂತೆ ಹಂಚುವ ವಿಧಗಳು 1,04,00,600. ಇವುಗಳಲ್ಲಿ ತುರುಪು 3-2 ಆಗಿ ಒಡೆಯುವ ವಿಧಗಳು 70,54,320, ಅಂದರೆ ಸುಮಾರು ಶೇ. 68. ತುರುಪು 4-1 ಆಗುವ ಸಂಭವ ಸುಮಾರು ಶೇ. 28, 5-0 ಆಗುವುದು ಸುಮಾರು ಶೇ. 4. ಹಾಗಾಗಿ ಬೇರೆ ಸುಳಿವಿಲ್ಲದಿದ್ದಾಗ ಶೇ. 50ರಷ್ಟು ಮಾತ್ರ ಫಲಿಸುವ ಒಂದು ಫಿನೆಸ್‌ಗಿಂತ 3-2 ಒಡೆಯುವಿಕೆಯನ್ನು ನೆಚ್ಚುವುದು ಲಾಭಕರ. ಎದುರಾಳಿಗಳ ಬಿಡ್ ಅಥವಾ ಆಡಿದ ಎಲೆಗಳಿಂದ ಹೊಸ ಮಾಹಿತಿ ದೊರೆತಾಗ ಈ ಪ್ರಮಾಣಗಳು ಬದಲಾಗುತ್ತವೆ.

ಪ್ರಭಾವ

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಆವೃತ್ತಿಯು ಇದನ್ನು ಆಧುನಿಕ ವಿದ್ವಾಂಸರಿಗೆ ಪರಿಚಯಿಸಿತು. 2000ದಲ್ಲಿ ಹೊಂಬುಜದಿಂದ ಇದರ ಕನ್ನಡ ಅನುವಾದ ಹೊರಬಂದಿತು.