ಗೊರಿಲ್ಲಗಳ ಬೇಟೆಗಾರನೂ ರಕ್ಷಕನೂ ಆದ ಕಾರ್ಲ್ ಏಕ್ಲಿ

ಆಫ್ರಿಕ ಖಂಡದ ನಡುವೆ ಕಾಂಗೋ, ರುವಾಂಡ ಮತ್ತು ಉಗಾಂಡ ದೇಶಗಳ ಗಡಿಗಳು ಕೂಡುವೆಡೆ ವಿರುಂಗ ಎಂಬ ಜ್ವಾಲಾಮುಖಿ ಪರ್ವತಗಳ ಸಾಲಿದೆ. ಮಂಜು ಮುಸುಕಿದ ಆ ಬೆಟ್ಟಗಳ ಕಾಡಿನಲ್ಲಿ ಬಿದಿರಿನ ಎಳೆಮೊಳಕೆ, ಸೊಪ್ಪುಸದೆಗಳನ್ನು ತಿಂದು ಬಾಳುವ ಮಹಾವಾನರವೇ ಪರ್ವತ ಗೊರಿಲ್ಲ. ಅಲ್ಲಿಗೆ ಮೊದಲು ಅವುಗಳನ್ನು ಕೊಲ್ಲಲೆಂದು ಹೋಗಿ, ಬಳಿಕ ಅವುಗಳ ಉಳಿವಿಗಾಗಿ ದುಡಿದು, ಕೊನೆಗೆ ಆ ನೆಲದಲ್ಲಿಯೇ ಮಣ್ಣಾದವನು ಅಮೆರಿಕದ ಕಾರ್ಲ್ ಏಕ್ಲಿ.

ಏಕ್ಲಿ 1864ರ ಮೇ 19ರಂದು ನ್ಯೂಯಾರ್ಕ್ ಸಂಸ್ಥಾನದ ಕ್ಲಾರೆಂಡನ್ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದನು. ಶಾಲೆಯ ಓದು ಅವನಿಗೆ ಹೆಚ್ಚು ದಕ್ಕಲಿಲ್ಲ. ಸತ್ತ ಪ್ರಾಣಿಪಕ್ಷಿಗಳ ಚರ್ಮಕ್ಕೆ ಒಡಲು ಕಟ್ಟಿ ಜೀವಂತವೆಂಬಂತೆ ನಿಲ್ಲಿಸುವ ವಿದ್ಯೆಯತ್ತ ಬಾಲ್ಯದಿಂದಲೇ ಅವನ ಮನಸ್ಸು ಹರಿದಿತ್ತು. 1885ರಲ್ಲಿ ರೈಲಿಗೆ ಸಿಕ್ಕಿ ಸತ್ತ ಜಂಬೊ ಎಂಬ ಪ್ರಸಿದ್ಧ ಸರ್ಕಸ್ ಆನೆಯನ್ನು ಹೀಗೆ ನಿಲ್ಲಿಸಿದ ಕೆಲಸದಲ್ಲಿ ಅವನ ಕೈಯೂ ಇತ್ತು. ಆಗಿನ ಕಸಬುದಾರರು ಚರ್ಮದೊಳಗೆ ಹುಲ್ಲು ತುಂಬಿ ಹೊಲಿದು ಕೈತೊಳೆದುಕೊಳ್ಳುತ್ತಿದ್ದರು. ಏಕ್ಲಿಯಾದರೋ ಸ್ನಾಯು ಸ್ನಾಯುವನ್ನೂ ಮಣ್ಣಿನಲ್ಲಿ ತಿದ್ದಿ, ಅದರಿಂದ ಅಚ್ಚು ತೆಗೆದು, ಹಗುರವಾದ ಒಡಲಿನ ಮೇಲೆ ಚರ್ಮವನ್ನು ಹೊದಿಸಿದನು. ಕಸಬು ಕಲೆಯಾಯಿತು. ಸಿಮೆಂಟನ್ನು ಗಾಳಿಯ ಒತ್ತಡದಿಂದ ಎರಚುವ ಯಂತ್ರವನ್ನೂ ಕಾಡಿನಲ್ಲಿ ಸುಲಭವಾಗಿ ತಿರುಗಿಸಬಹುದಾದ ಚಲನಚಿತ್ರ ಕ್ಯಾಮರಾವನ್ನೂ ರೂಪಿಸಿದವನು ಇವನೇ ಎಂಬುದು ಅನೇಕರಿಗೆ ತಿಳಿಯದು.

1896ರಲ್ಲಿ ಸೋಮಾಲಿಲ್ಯಾಂಡಿನಲ್ಲಿ ಮೈಮೇಲೆರಗಿದ ಚಿರತೆಯನ್ನು ಬರಿಗೈಯಿಂದ ಕೊಂದನು. 1910ರಲ್ಲಿ ಕೆನ್ಯ ಪರ್ವತದಲ್ಲಿ ಆನೆಯೊಂದು ಅವನನ್ನು ನೆಲಕ್ಕೊತ್ತಿ ಜಜ್ಜಿತು. ಸತ್ತನೆಂದೇ ಜೊತೆಯವರು ಭಾವಿಸಿದರು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಅವನಿಗೊಂದು ಕನಸು ಮೂಡಿತು: ನ್ಯೂಯಾರ್ಕಿನ ಅಮೆರಿಕನ್ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಆಫ್ರಿಕದ ವನ್ಯಜೀವನವನ್ನೆಲ್ಲ ಇದ್ದಂತೆಯೇ ತೋರುವ ಒಂದು ಮಹಾಸಭಾಂಗಣ. ಆ ಪ್ರಾಣಿಗಳು ಬೇಗನೆ ಅಳಿದುಹೋಗುವುವೆಂಬ ಭಯ ಆಗಲೇ ಅವನಲ್ಲಿತ್ತು. ಉಳಿಸಲಾಗದ್ದನ್ನು ಗಾಜಿನ ಹಿಂದಾದರೂ ಇಡೋಣ ಎಂಬುದು ಅಂದಿನ ಅವನ ವಿಚಾರ.

ಆ ಸಭಾಂಗಣಕ್ಕೆ ಗೊರಿಲ್ಲಗಳು ಬೇಕಾಗಿದ್ದುವು. ಪರ್ವತ ಗೊರಿಲ್ಲದ ಪರಿಚಯ ವಿಜ್ಞಾನಕ್ಕೆ ಆದದ್ದೇ 1902ರಲ್ಲಿ, ಬೆರಿಂಗೆ ಎಂಬ ಜರ್ಮನ್ ಸೇನಾಧಿಕಾರಿಯ ಗುಂಡಿನಿಂದ. ಅಲ್ಲಿಂದ ಮುಂದೆ ವಸ್ತುಸಂಗ್ರಹಾಲಯಗಳೂ ಹವ್ಯಾಸಿ ಬೇಟೆಗಾರರೂ ಪೈಪೋಟಿಯಿಂದ ಆ ಬೆಟ್ಟಗಳನ್ನು ಹತ್ತಿದರು. 1921ರಲ್ಲಿ ಸ್ವೀಡನ್ನಿನ ರಾಜಕುಮಾರ ವಿಲ್ಹೆಲ್ಮನ ತಂಡವೊಂದೇ 14 ಗೊರಿಲ್ಲಗಳನ್ನು ಕೊಂದಿತು. ಅದೇ ವರ್ಷ ಏಕ್ಲಿಯೂ ಹತ್ತಿದನು. ಅವನ ತಂಡದಲ್ಲಿ ಸ್ನೇಹಿತ ದಂಪತಿಗಳ ಆರು ವರ್ಷದ ಮಗಳೂ ಇದ್ದಳು. ಗೊರಿಲ್ಲವೆಂದರೆ ಎದುರಿಗೆ ಬಂದವರನ್ನು ಸೀಳುವ ರಾಕ್ಷಸನೆಂಬ ನಂಬಿಕೆ ಲೋಕದಲ್ಲಿ ಹರಡಿದ್ದ ಕಾಲವದು!

ಐದು ಗೊರಿಲ್ಲಗಳು ಸತ್ತವು. ತಾಯಿಗೊರಿಲ್ಲವೊಂದನ್ನು ಏಕ್ಲಿಯೇ ಗುಂಡಿಟ್ಟು ಕೊಂದನು; ಅದರ ಮರಿಯನ್ನು ದಾರಿ ತೋರುವವರು ಈಟಿಯಿಂದ ತಿವಿದರು. ಸಾಯುತ್ತಿದ್ದ ಮರಿಯ ಮುಖದಲ್ಲಿದ್ದ ದೈನ್ಯವನ್ನು ಅವನು ಕಂಡನು. ಆಸರೆ ಬೇಡಿ ಅದು ತನ್ನ ತೋಳಿಗೇ ಬರುತ್ತಿತ್ತೇನೋ ಎಂದು ಅವನಿಗೆ ತೋರಿತು. ಇದನ್ನು ಅವನು ಮರೆಮಾಚದೆ, 1923ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದುಕೊಂಡನು. ಅದೇ ಯಾತ್ರೆಯಲ್ಲಿ ಬಂದೂಕಿನ ಬದಲು ಕ್ಯಾಮರಾ ಹಿಡಿದು, ಕಾಡಿನ ಗೊರಿಲ್ಲಗಳ ಮೊದಲ ಚಲನಚಿತ್ರವನ್ನು ತೆಗೆದನು. ಕೆಣಕದ ಹೊರತು ಹಾನಿ ಮಾಡದ ಸಾಧು ಜೀವಿ ಇದೆಂದು ಅವನಿಗೆ ಮನವರಿಕೆಯಾಯಿತು. ಹಾಗೆಂದು ಕೊಂದ ಐದನ್ನು ಅವನು ಹೂಳಿಬಿಡಲಿಲ್ಲ. ನ್ಯೂಯಾರ್ಕಿಗೆ ಒಯ್ದು ನಿಲ್ಲಿಸಿದನು. ಈ ವಿರೋಧವನ್ನು ಮುಚ್ಚಿಟ್ಟು ಅವನನ್ನು ಸಂತನನ್ನಾಗಿಸುವುದು ಸರಿಯಲ್ಲ.

ಆಗ ಕಾಂಗೋ ಬೆಲ್ಜಿಯಂ ದೇಶದ ಅಧೀನದಲ್ಲಿತ್ತು. ದೊರೆ ಒಂದನೆಯ ಆಲ್ಬರ್ಟನು 1919ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಕಣ್ಣಾರೆ ಕಂಡವನು. ಏಕ್ಲಿ ಬೆಲ್ಜಿಯಂ ಅಧಿಕಾರಿಗಳ ಮುಂದೆಯೂ ವಿಜ್ಞಾನಿಗಳ ಮುಂದೆಯೂ ಎಡೆಬಿಡದೆ ವಾದಿಸಿದನು. 1925ರ ಏಪ್ರಿಲ್ 21ರಂದು ದೊರೆಯ ಆಜ್ಞೆಯಿಂದ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಇಂದಿನ ವಿರುಂಗ ಉದ್ಯಾನದ ಮೂಲ ಇದೇ. ವಸಾಹತು ಸರಕಾರವು ಗೆರೆ ಎಳೆದಾಗ ಆ ನೆಲವನ್ನೇ ನಂಬಿದ್ದ ಜನರ ಮಾತನ್ನು ಕೇಳಲಿಲ್ಲವೆಂಬುದೂ ನಿಜ. ಆ ಕೊರಗು ಇಂದಿಗೂ ತೀರಿಲ್ಲ.

1926ರಲ್ಲಿ ಏಕ್ಲಿ ಮತ್ತೆ ಬೆಟ್ಟ ಹತ್ತಿದನು. ಗೊರಿಲ್ಲ ಗುಂಪಿನ ಹಿನ್ನೆಲೆಯ ದೃಶ್ಯವನ್ನು ಬರೆಯಲು ಚಿತ್ರಕಾರ ವಿಲಿಯಂ ಲೀ, ಜೊತೆಗೆ ಪತ್ನಿ ಮೇರಿ ಇದ್ದರು. ದಾರಿಯಲ್ಲಿಯೇ ಆರೋಗ್ಯ ಕೆಟ್ಟಿತ್ತು. ನವೆಂಬರ್ 17ರಂದು ಮಿಕೆನೊ ಪರ್ವತದ ಕಬಾರ ಎಂಬ ಹುಲ್ಲುಗಾವಲಿನಲ್ಲಿ ಅವನು ಕೊನೆಯುಸಿರೆಳೆದನು, ಅಲ್ಲಿಯೇ ಸಮಾಧಿಯಾಯಿತು. ಮೇರಿ ಹಿಂದಿರುಗದೆ ಉಳಿದ ಕೆಲಸವನ್ನು ಮುಂದುವರಿಸಿದಳು. ಅವನ ಹೆಸರಿನ ಸಭಾಂಗಣ 1936ರಲ್ಲಿ ತೆರೆಯಿತು.

ಬಂದೂಕು ಹಿಡಿದು ಬರುವವರನ್ನು ತಡೆಯಲು ಗೆರೆ ಸಾಕಾಗಿತ್ತು. ಆ ಬಳಿಕ ಬಂದ ಆಪತ್ತುಗಳಿಗೆ ಸಾಲಲಿಲ್ಲ. ರುವಾಂಡದ ಭಾಗದಲ್ಲಿ 1960ರ ದಶಕದ ಕೊನೆಗೆ, ಕೀಟನಾಶಕ ಕೊಡುವ ಪೈರೆಥ್ರಮ್ ಹೂವಿನ ಬೇಸಾಯಕ್ಕಾಗಿ ಸುಮಾರು 10,000 ಹೆಕ್ಟೇರ್ ಕಾಡು ಕೈಬಿಟ್ಟಿತು. ಜಿಂಕೆಗಳಿಗೆಂದು ಒಡ್ಡಿದ ಉರುಲುಗಳಲ್ಲಿ ಗೊರಿಲ್ಲಗಳ ಕೈಕಾಲುಗಳು ಸಿಕ್ಕಿದುವು. ಕಾಂಗೋದ ಅಂತರ್ಯುದ್ಧಗಳಲ್ಲಿ ಕಾವಲುಗಾರರೇ ಹತರಾದರು. 1959ರಲ್ಲಿ ಜಾರ್ಜ್ ಶಾಲರ್, 1967ರಲ್ಲಿ ಡಯಾನ್ ಫಾಸಿ, ಇಬ್ಬರೂ ತಮ್ಮ ಅಧ್ಯಯನವನ್ನು ಆರಂಭಿಸಿದ್ದು ಏಕ್ಲಿಯ ಸಮಾಧಿಯ ಬಳಿಯ ಕಬಾರದಲ್ಲಿಯೇ. ಶಾಲರ್ ಅಂದಾಜಿಸಿದ ವಿರುಂಗದ ಸುಮಾರು 450 ಗೊರಿಲ್ಲಗಳು 1981ರ ಗಣತಿಗೆ 250ರಷ್ಟಕ್ಕೆ ಇಳಿದಿದ್ದುವು. ದಿನದಿನವೂ ಗುಂಪುಗಳ ಬೆನ್ನಹಿಂದೆ ನಡೆದು ಉರುಲು ಕಿತ್ತೆಸೆಯುವ ಸ್ಥಳೀಯ ಕಾವಲುಗಾರರು, ಕಾಡಿನಲ್ಲಿಯೇ ಮದ್ದು ಕೊಡುವ ಪಶುವೈದ್ಯರು, ಪ್ರವಾಸಿಗಳಿಂದ ಬರುವ ಆದಾಯ ಇವುಗಳ ಬಲದಿಂದ 2015-16ರ ಗಣತಿಯಲ್ಲಿ ಆ ಸಂಖ್ಯೆ 604ಕ್ಕೆ ಏರಿತು. ಉಗಾಂಡದ ಬ್ವಿಂಡಿ ಕಾಡಿನಲ್ಲಿ 2018ರಲ್ಲಿ ಎಣಿಸಿದ 459 ಸೇರಿದರೆ ಒಟ್ಟು 1,063. ಮನುಷ್ಯನ ನೆಗಡಿಯೂ ಅವುಗಳಿಗೆ ಪ್ರಾಣಾಂತಕವಾಗಬಲ್ಲದಾದ್ದರಿಂದ ನೋಡಬಂದವರನ್ನು ದೂರದಲ್ಲಿಯೇ ನಿಲ್ಲಿಸುತ್ತಾರೆ.