ಚನ್ನಗಿರಿಯ ಧೋಂಡಿಯಾ ವಾಘ್

ದುರ್ಗಿಗುಡಿಯಲ್ಲಿ ಶಾಪಿಂಗ್ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ ಒಂದು ಕಡೆ ಚನ್ನಗಿರಿ ಬಸ್ಸು, ಇನ್ನೊಂದು ಕಡೆ ಶಿಕಾರಿಪುರದ ಬಸ್ಸು. ಮೊದಲನೆಯದು ಧೋಂಡಿಯಾ ವಾಘ್ ಹುಟ್ಟಿದ ಊರು, ಎರಡನೆಯದು ಅವನು ಇಂಗ್ಲಿಷರಿಗೆ ಸೋತ ಊರು. ಎರಡೂ ಬೋರ್ಡು ದಿನಾ ಓದುವ ನಮಗೆ ಅವನ ಹೆಸರೇ ಗೊತ್ತಿರಲಿಲ್ಲ ನೋಡಿ!

ಮರಾಠಾ ಮನೆತನದ ಈ ಹುಡುಗ ಹೈದರ್ ಅಲಿಯ ಕುದುರೆ ದಳ ಸೇರಿದ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಟಿಪ್ಪುವನ್ನು ಬಿಟ್ಟು, ಸಿಕ್ಕಿದ್ದನ್ನು ಬಾಚಿಕೊಂಡು ಧಾರವಾಡದ ಕಡೆ ಹೋದ. ಅಲ್ಲಿ ಮಾಡಿದ್ದು ಲೂಟಿಯೇ, ಅದನ್ನು ನಾವು ಮುಚ್ಚಿಡುವುದಿಲ್ಲ. ಆಮೇಲೆ ಟಿಪ್ಪುವಿನ ಹತ್ತಿರ ವಾಪಸ್ ಬಂದ. ಮತಾಂತರವೂ ಆಯಿತು, ಶ್ರೀರಂಗಪಟ್ಟಣದಲ್ಲಿ ಸೆರೆವಾಸವೂ ಆಯಿತು.

1799ರ ಮೇ 4ರಂದು ಕೋಟೆ ಬಿದ್ದ ಗಡಿಬಿಡಿಯಲ್ಲಿ ಅವನು ಹೊರಬಿದ್ದ. ಟಿಪ್ಪುವಿನ ಸೈನ್ಯ ಚದುರಿ ಹೋಗಿತ್ತು. ಸಾವಿರಾರು ಸವಾರರ ಕೈಯಲ್ಲಿ ಕತ್ತಿ ಇತ್ತು, ಸಂಬಳ ಕೊಡುವ ಧಣಿ ಇರಲಿಲ್ಲ. ಅವರನ್ನೆಲ್ಲ ಕಟ್ಟಿಕೊಂಡು ನಮ್ಮ ಬಿದನೂರು ಸೀಮೆಗೇ ಬಂದ. ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಕಂಪನಿ ಪಡೆ ಅವನನ್ನು ಸೋಲಿಸಿತು. ತುಂಗಭದ್ರೆ ದಾಟಿ ತಪ್ಪಿಸಿಕೊಂಡ. ಮುಗೀತು ಕಥೆ ಅಂದುಕೊಂಡರು. ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿ, ಎರಡು ಲೋಕದ ದೊರೆ ಅಂತ ಬಿರುದು ಬೇರೆ ಹಾಕಿಕೊಂಡ! 1800ರ ಜೂನ್‌ನಲ್ಲಿ ಕಿತ್ತೂರಿನ ಹತ್ತಿರ ಮರಾಠಾ ಸರದಾರ ಗೋಖಲೆ ಅವನ ಕೈಯಲ್ಲೇ ಸತ್ತ.

ಬೆನ್ನು ಹತ್ತಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಇಂಗ್ಲಿಷರ ಕಾಗದಪತ್ರಗಳಲ್ಲಿ ಧೋಂಡಿಯಾ ಬರೀ ದರೋಡೆಕೋರ. ಆದರೆ ಬಟಾವಿಯಾ ದಂಡಯಾತ್ರೆಯ ನಾಯಕತ್ವ ತಾನಾಗಿ ಬಂದರೂ ವೆಲ್ಲೆಸ್ಲಿ ಬೇಡವೆಂದು ಇವನ ಹಿಂದೆಯೇ ಉಳಿದ. ಬರೀ ಕಳ್ಳನಿಗೆ ಇಷ್ಟು ಯಾರು ಮಾಡ್ತಾರೆ ಅಂತ ನಮ್ಮ ಪ್ರಶ್ನೆ.

ಹರಿಹರದಲ್ಲಿ ಹೊಳೆ ದಾಟಿದ ವೆಲ್ಲೆಸ್ಲಿ ಡಂಬಳ ಹಿಡಿದ. ಮುನವಳ್ಳಿ ಹತ್ತಿರ ಧೋಂಡಿಯಾನ ಬಿಡಾರವನ್ನು ಮಲಪ್ರಭೆಗೆ ತಳ್ಳಿದ. ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋಣಗಲ್ಲಿನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನುಗ್ಗಿದ. ಧೋಂಡಿಯಾ ಅಲ್ಲೇ ಬಿದ್ದ.

ಸಾಮಾನು ಸರಂಜಾಮಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆದುಕೊಂಡು ಹೋಗಿ ಸಾಕಿದ, ಇಂಡಿಯಾ ಬಿಡುವಾಗ ಹುಡುಗನ ಖರ್ಚಿಗೆ ಹಣ ಇಟ್ಟು ಹೋದ. ದೊಡ್ಡವನಾದ ಸಲಾಬತ್ ಮೈಸೂರು ಮಹಾರಾಜರ ಚಾಕರಿ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.