ಕಣ್ಣಿಗೆ ಕಾಣುವ ತಾಳ



ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಜಾತ್ರೆಯಲ್ಲಿ ಡೊಳ್ಳು ಬಡಿಯುವಾಗ ಅವನು ಡೊಳ್ಳಿನವರ ಕೈಯನ್ನೇ ನೋಡ್ತಾ ನಿಲ್ತಾನೆ. ತಾಳ ಕಣ್ಣಿಗೂ ಕಾಣುತ್ತಾ ಸಾರ್ ಅಂತ ಒಂದು ದಿನ ನಮ್ಮ ಮೇಷ್ಟ್ರನ್ನು ಕೇಳಿದೆ. ಆಗ ಅವರು ಒಬ್ಬ ಮಹನೀಯರ ಕಥೆ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಅವರ ಹೆಸರು ನಾರ್ಮನ್ ಮೆಕ್‌ಲಾರೆನ್. ಇವರು 1914ನೇ ಇಸವಿ ಏಪ್ರಿಲ್ 11ರಂದು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಎಂಬ ಊರಿನಲ್ಲಿ ಜನಿಸಿದರು. ಗ್ಲಾಸ್ಗೊ ನಗರದ ಕಲಾಶಾಲೆಯಲ್ಲಿ ಓದುವಾಗ ಸಿನಿಮಾ ಮಾಡುವ ಆಸೆಯಾಯಿತು. ಆದರೆ ಮೊದಲಿಗೆ ಕ್ಯಾಮೆರಾ ಇರಲಿಲ್ಲ. ಅದಕ್ಕೆ ಅಳುತ್ತಾ ಕೂರಲಿಲ್ಲ. ಹಳೇ ಫಿಲ್ಮ್ ತಂದು, ಅದರ ಮೇಲಿನ ಚಿತ್ರವನ್ನೆಲ್ಲ ತೊಳೆದು ತೆಗೆದು, ಆ ಖಾಲಿ ಫಿಲ್ಮಿನ ಮೇಲೆ ಕೈಯಿಂದಲೇ ಬಣ್ಣ ಬಳಿದರು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಸೆಕೆಂಡಿಗೆ ಎರಡು ಪೆಟ್ಟು ಬೀಳುವ ತಾಳವಾದರೆ ಒಂದು ಪೆಟ್ಟಿಗೆ 12 ಚಿತ್ರ. ಆ 12 ಚಿತ್ರಗಳಲ್ಲಿ ಒಂದು ಗೆರೆ ಸುತ್ತಿಕೊಂಡು ಬಂದು ಮೊದಲಿನ ಜಾಗ ಸೇರಬೇಕು. ಅದನ್ನೇ ಮತ್ತೆ ಮತ್ತೆ ಓಡಿಸಿದರೆ ತಾಳ ಕಣ್ಣಿಗೆ ಕಾಣುತ್ತದೆ. ಇದೆಲ್ಲಾ ನಮ್ಮ ಭಾಗಾಕಾರದ ಲೆಕ್ಕವೇ!

ಇವರು 1939ರಲ್ಲಿ ಅಮೆರಿಕದ ನ್ಯೂಯಾರ್ಕಿಗೆ ಹೋದರು. 1940ರಲ್ಲಿ ಡಾಟ್ಸ್, ಲೂಪ್ಸ್ ಎಂಬ ಎರಡು ಪುಟ್ಟ ಚಿತ್ರಗಳನ್ನು ಮಾಡಿದರು. ಅಂದರೆ ಚುಕ್ಕಿಗಳು ಮತ್ತು ಕುಣಿಕೆಗಳು. ಇವುಗಳಲ್ಲಿ ಶಬ್ದವನ್ನೂ ಕೈಯಲ್ಲೇ ಬರೆದಿದ್ದಾರೆ! ಫಿಲ್ಮಿನ ಅಂಚಿನಲ್ಲಿ ಶಬ್ದಕ್ಕೆ ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರ ಮೂಲಕ ಬೆಳಕು ಹಾಯ್ದಾಗ ಅಲ್ಲಿರುವ ಗುರುತುಗಳು ಶಬ್ದವಾಗುತ್ತವೆ. ಗುರುತು ಒತ್ತೊತ್ತಾಗಿದ್ದರೆ ಸ್ವರ ಏರುತ್ತೆ, ದೂರ ದೂರ ಇದ್ದರೆ ಇಳಿಯುತ್ತೆ. ಯಾವ ವಾದ್ಯವೂ ಬೇಕಾಗಲಿಲ್ಲ.

1941ರಿಂದ ಕೆನಡಾದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1949ರಲ್ಲಿ ಎವೆಲಿನ್ ಲ್ಯಾಂಬರ್ಟ್ ಎಂಬುವರ ಜೊತೆ ಸೇರಿ, ಆಸ್ಕರ್ ಪೀಟರ್ಸನ್‌ರ ಪಿಯಾನೋ ಸಂಗೀತಕ್ಕೆ ಬಣ್ಣಗಳು ಕುಣಿಯುವಂತೆ ಒಂದು ಚಿತ್ರ ಮಾಡಿದರು. ಒಂದು ಹೂವಿಗಾಗಿ ಇಬ್ಬರು ನೆರೆಯವರು ಬಡಿದಾಡಿ ಸಾಯುವ 1952ರ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. 1953ರಲ್ಲಿ ಯುನೆಸ್ಕೊ ಕೆಲಸದ ಮೇಲೆ ನಮ್ಮ ಭಾರತಕ್ಕೂ ಬಂದಿದ್ದರು. 1971ರ ಸಿಂಕ್ರೊಮಿ ಚಿತ್ರದಲ್ಲಿ ಅಂಚಿನ ಶಬ್ದದ ಗುರುತುಗಳನ್ನೇ ತೆರೆಯ ಮೇಲೆ ಬಣ್ಣದ ಪಟ್ಟಿಗಳಾಗಿ ತೋರಿಸಿದರು. ಕಿವಿ ಕೇಳುವುದನ್ನೇ ಕಣ್ಣು ನೋಡುತ್ತದೆ. 1987ರ ಜನವರಿ 27ರಂದು ಇವರು ನಿಧನರಾದರು.

ಕಥೆ ಕೇಳಿದ ಮೇಲೆ ನಾನೂ ಹಳೇ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆ ಹಾಳೆಗೂ ಚೆಂಡು ಬರೆದೆ. ಪ್ರತಿ 6ನೇ ಹಾಳೆಗೆ ಚೆಂಡು ನೆಲ ಮುಟ್ಟಬೇಕು. ಸರ್ರನೆ ಹಾಳೆ ಬಿಟ್ಟು ತಮ್ಮನಿಗೆ ತೋರಿಸಿದೆ. ಅವನು ಮೊಣಕಾಲಿನ ಮೇಲೆ ತಾಳ ಹಾಕ್ತಾ ಹಾಕ್ತಾ ಒಂದು ಕಡೆ ನಿಂತುಬಿಟ್ಟ, ತಲೆ ಅಲ್ಲಾಡಿಸಿದ. ಎಣಿಸಿ ನೋಡಿದರೆ ಅಲ್ಲಿ ನಾನು 8 ಹಾಳೆ ಬರೆದಿದ್ದೆ! ತಪ್ಪು ಕಂಡುಹಿಡಿದವನು ಅವನೇ. ತಾಳ ಅವನಿಗೆ ಗೊತ್ತಿತ್ತು, ನಮಗೇ ಗೊತ್ತಿರಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ಕೋರಿಕೆ. ಈ ಸಲದ ವಾರ್ಷಿಕೋತ್ಸವದ ಕೋಲಾಟಕ್ಕೆ ನನ್ನ ತಮ್ಮನನ್ನೂ ಸೇರಿಸಿಕೊಳ್ಳಬೇಕು. ಎದುರಿನವರ ಕೋಲು ನೋಡಿಕೊಂಡು ಅವನು ಖಂಡಿತ ಆಡ್ತಾನೆ.

– 7ನೇ ತರಗತಿ